ಹುಕ್ಕಿನ ಮೇಲೆ ಎಷ್ಟು ಭಾರ?

*ಭತ್ತದ ಟ್ರೇಲರ್ ಕಾಟಾ ಹತ್ತುವುದು ದುಡ್ಡಿನ ಲೆಕ್ಕಕ್ಕೆ. ಅದೇ ಕಾಟಾದ ಮೇಲೆ ಇನ್ನೆರಡು ಸಲ ಗಾಲಿ ನಿಲ್ಲಿಸಿದರೆ, ಸ್ಟೇರಿಂಗ್ ನಮ್ಮ ಮಾತು ಕೇಳುತ್ತದೋ ಇಲ್ಲವೋ ಎಂಬುದೂ ತಿಳಿಯುತ್ತದೆ.*

ನವೆಂಬರ್ ಕಳೆಯುವ ಹೊತ್ತಿಗೆ ಸಿಂಧನೂರು ಸುತ್ತಿನ ರಸ್ತೆಗಳೆಲ್ಲ ಭತ್ತದ ರಸ್ತೆಗಳಾಗುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಬೆಳೆ ಕೊಯ್ಲಿಗೆ ಬಂದಿರುತ್ತದೆ. ಗದ್ದೆಯಲ್ಲಿ ಕಟಾವು ಯಂತ್ರ, ಬದುವಿನ ಪಕ್ಕದಲ್ಲಿ ಟ್ರ್ಯಾಕ್ಟರ್, ಅದರ ಹಿಂದೆ ಬಾಯಿ ತೆರೆದು ನಿಂತ ಟ್ರೇಲರ್. ಯಂತ್ರದ ಹೊಟ್ಟೆ ತುಂಬಿದ ಕೂಡಲೇ ಉದ್ದನೆಯ ಪೈಪು ಟ್ರೇಲರಿನ ಮೇಲೆ ತಿರುಗುತ್ತದೆ, ಹಸಿ ಭತ್ತ ಜೋರಾಗಿ ಸುರಿಯುತ್ತದೆ. ಪೈಪಿನ ಕೆಳಗೆ ಯಾವ ಭಾಗ ನಿಂತಿದೆಯೋ ಅಲ್ಲೇ ಗುಡ್ಡೆ. ಅನುಭವಸ್ಥ ಹಿರಿಯ ಅಲ್ಲಿದ್ದರೆ ಕೂಗುತ್ತಾನೆ: "ಏ ತಮ್ಮಾ, ಗಾಡಿ ಸ್ವಲ್ಪ ಮುಂದ ತಗೋ, ಹಿಂದ್ಕೂ ಬೀಳ್ಲಿ." ಇಲ್ಲದಿದ್ದರೆ ಡ್ರೈವರ್ ಸೀಟಿನ ಮೇಲೆ ಕೂತಲ್ಲೇ ಮೊಬೈಲ್ ನೋಡುತ್ತಿರುತ್ತಾನೆ, ಭತ್ತವೆಲ್ಲ ಟ್ರೇಲರಿನ ಮುಂದಿನ ಹಲಗೆಗೆ ಒತ್ತಿ ರಾಶಿಯಾಗುತ್ತದೆ.

ಆಮೇಲಿನದು ಊರಿನವರಿಗೆ ಗೊತ್ತಿರುವ ನೋಟವೇ. ಎರೆಮಣ್ಣಿನ ಗದ್ದೆಯಿಂದ ಕಾಲುವೆ ಏರಿಗೆ ಹತ್ತುವಾಗ ಟ್ರ್ಯಾಕ್ಟರ್ ಮೂತಿ ಎತ್ತುತ್ತದೆ. ಮುಂದಿನ ಗಾಲಿ ನೆಲ ಬಿಟ್ಟೂ ಬಿಡದಂತೆ ತೇಲುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ತನ್ನ ದಾರಿಯನ್ನೇ ಹಿಡಿಯುತ್ತದೆ. ಹಾಗಾದಾಗ ನಮ್ಮ ಕಡೆ ಮಾಡುವ ಉಪಾಯವೆಂದರೆ ಇಬ್ಬರನ್ನು ಬಾನೆಟ್ ಮುಂದೆ ನಿಲ್ಲಿಸುವುದು. ಜೀವ ಒತ್ತೆಯಿಟ್ಟು ಮಾಡುವ ಈ ಉಪಾಯದ ಹಿಂದಿರುವ ಲೆಕ್ಕ ಮಾತ್ರ ಸರಿಯಾದದ್ದೇ: ಹಿಂದೆ ಭಾರ ಹೆಚ್ಚಿದೆ, ಮುಂದೆ ಭಾರ ಬೇಕು.

ಇದೇ ತೊಂದರೆಗೆ ಅಮೆರಿಕದಲ್ಲಿ ಅಂಗಡಿಯಲ್ಲಿ ಸಿಗುವ ಪರಿಹಾರವೊಂದಿದೆ. ಅಲ್ಲಿ ಪಿಕಪ್ ಗಾಡಿಗೆ ಮನೆಯಂಥ ಕ್ಯಾರವಾನ್ ಟ್ರೇಲರ್ ಸಿಕ್ಕಿಸಿಕೊಂಡು ಪ್ರವಾಸ ಹೋಗುವವರು ಭಾರ ಹಂಚುವ ಹುಕ್ಕನ್ನು ಕೊಳ್ಳುತ್ತಾರೆ. ಅದನ್ನು ವಿಡಿಯೊದಲ್ಲಿ ನೋಡಿದ ನಮ್ಮ ಹುಡುಗರು ವೆಲ್ಡಿಂಗ್ ಅಂಗಡಿಯಲ್ಲಿ ನಿಂತು, ಇಂಥದ್ದೊಂದು ನಮಗೂ ಮಾಡಿಕೊಡಲು ಬರುತ್ತದಾ ಎಂದು ಕೇಳಿದರೆ ಆಶ್ಚರ್ಯವಿಲ್ಲ. ಕೇಳಬೇಕಾದ ಪ್ರಶ್ನೆಯೇ ಅದು. ಅದಕ್ಕೆ ಉತ್ತರ ಸಿಗುವುದು ಮಾತ್ರ ವೆಲ್ಡಿಂಗ್ ಅಂಗಡಿಯಲ್ಲಿ ಅಲ್ಲ, ರೈಸ್‌ಮಿಲ್ಲಿನ ಕಾಟಾದ ಮೇಲೆ.

ಬಂಡಿ ಕಲಿಸಿದ್ದು

ಎತ್ತಿನ ಬಂಡಿ ಹೂಡಿದವರಿಗೆ ಈ ವಿಷಯವನ್ನು ಹೊಸದಾಗಿ ಹೇಳಬೇಕಿಲ್ಲ. ಎರಡು ಗಾಲಿಯ ಬಂಡಿಯಲ್ಲಿ ಮುಂಭಾರವಾದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ, ಹಿಂಭಾರವಾದರೆ ನೊಗ ಮೇಲೆದ್ದು ಕೊರಳಿಗೆ ಬಿಗಿಯುತ್ತದೆ. ಹೇರುವವನು ಮೂಕಿಯನ್ನು ಕೈಯಲ್ಲಿ ಎತ್ತಿ ನೋಡಿ, ಕೊಂಚ ಮುಂಭಾರ ಇದೆ ಎಂದು ಖಾತ್ರಿಯಾದ ಮೇಲೆಯೇ ಎತ್ತು ಹೂಡುತ್ತಿದ್ದ. ಆ ಕೈಯಳತೆ ಟ್ರ್ಯಾಕ್ಟರ್ ಬಂದ ಮೇಲೆ ತಪ್ಪಿಹೋಯಿತು. ಐದು ಟನ್ ಟ್ರೇಲರಿನ ಮೂಕಿಯನ್ನು ಯಾರೂ ಕೈಯಲ್ಲಿ ಎತ್ತಲಾರರು. ಭಾರ ಹೆಚ್ಚಾಯಿತೆಂದು ಎತ್ತು ತಲೆ ಕೊಡವಿ ಹೇಳುತ್ತಿತ್ತು, ಕಬ್ಬಿಣಕ್ಕೆ ಆ ಬಾಯಿ ಇಲ್ಲ.

ಒಂದೇ ಅಚ್ಚಿನ, ಅಂದರೆ ಎರಡು ಗಾಲಿಯ ಟ್ರೇಲರ್ ಬಂಡಿಯ ನಿಯಮಕ್ಕೇ ಒಳಪಟ್ಟದ್ದು. ಭಾರದ ನಡುಬಿಂದು ಅಚ್ಚಿಗಿಂತ ಮುಂದೆ ಇದ್ದಷ್ಟೂ ಹುಕ್ಕಿನ ಮೇಲೆ ತೂಕ ಬೀಳುತ್ತದೆ, ಅಚ್ಚಿಗಿಂತ ಹಿಂದಕ್ಕೆ ಹೋದರೆ ಟ್ರೇಲರ್ ಹುಕ್ಕನ್ನು ಮೇಲಕ್ಕೆ ಎಳೆಯುತ್ತದೆ. ನಾಲ್ಕು ಗಾಲಿಯ ಟ್ರೇಲರಿನಲ್ಲಿ ಮುಂದೆಯೂ ಒಂದು ಅಚ್ಚು ಇರುವುದರಿಂದ ತನ್ನ ಭಾರವನ್ನು ತಾನೇ ಹೊತ್ತುಕೊಳ್ಳುತ್ತದೆ, ಹುಕ್ಕಿಗೆ ಎಳೆಯುವ ಕೆಲಸವಷ್ಟೇ ಉಳಿಯುತ್ತದೆ.

ಹುಕ್ಕಿನ ಮೇಲೆ ತೂಕವೇ ಬೀಳದಿದ್ದರೆ ಒಳ್ಳೆಯದಲ್ಲವೇ ಎಂದು ಕೇಳಬಹುದು. ಗದ್ದೆಯಲ್ಲಿ ಹಾಗಲ್ಲ. ಕೆಸರಿನಲ್ಲಿ ಟ್ರ್ಯಾಕ್ಟರಿನ ದೊಡ್ಡ ಗಾಲಿ ಜಾರದೆ ಕಚ್ಚಿ ಹಿಡಿಯಬೇಕಾದರೆ ಅದರ ಮೇಲೆ ಭಾರ ಬೇಕು. ಹುಕ್ಕಿನ ಮೇಲೆ ಬೀಳುವ ತೂಕ ಆ ಕೆಲಸ ಮಾಡುತ್ತದೆ. ಎರಡು ಗಾಲಿಯ ಟ್ರೇಲರ್ ನಮ್ಮ ಹೊಲಗಳಲ್ಲಿ ಬೇರೂರಿದ್ದಕ್ಕೆ ಇದೂ ಒಂದು ಕಾರಣ. ಹಿಂದಕ್ಕೆ ತೆಗೆದುಕೊಳ್ಳಲು ಸುಲಭ, ಎತ್ತಿ ಸುರಿಯಲು ಸುಲಭ, ಕೆಸರಿನಲ್ಲಿ ಎಳೆತವೂ ಚೆನ್ನ. ಭಾರ ಬೇಕು, ಹದಕ್ಕೆ ತಕ್ಕಷ್ಟು ಬೇಕು. ಹದ ಎಷ್ಟು ಎಂಬುದೇ ಲೆಕ್ಕ.

ಹೊರದೇಶದ ಹುಕ್ಕು ಮಾಡುವ ಕೆಲಸ

ಪಿಕಪ್ ಗಾಡಿಯ ಹಿಂದಿನ ಅಚ್ಚಿನಿಂದ ಸುಮಾರು ಒಂದೂಕಾಲು ಮೀಟರ್ ಹಿಂದೆ ಹುಕ್ಕು ಇರುತ್ತದೆ. ಅಲ್ಲಿ 300 ಕಿಲೋ ಬಿತ್ತೆನ್ನಿ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ 3.6 ಮೀಟರ್ ಅಂತರವಿದ್ದರೆ, ಮುಂದಿನ ಗಾಲಿಗಳ ಮೇಲಿನ ತೂಕ ನೂರು ಕಿಲೋಗೂ ಸ್ವಲ್ಪ ಹೆಚ್ಚು ಇಳಿಯುತ್ತದೆ, ಹಿಂದಿನ ಗಾಲಿಗಳ ಮೇಲೆ ನಾನೂರು ಕಿಲೋ ಏರುತ್ತದೆ. ಗಾಡಿಯ ಹಿಂಭಾಗ ಕುಸಿಯುತ್ತದೆ, ಹೆಡ್‌ಲೈಟ್ ಆಕಾಶ ನೋಡುತ್ತದೆ, ಸ್ಟೇರಿಂಗ್ ಹಗುರಾಗುತ್ತದೆ.

ಭಾರ ಹಂಚುವ ಹುಕ್ಕಿಗೆ ಎರಡು ಸ್ಪ್ರಿಂಗ್ ಕಂಬಿಗಳಿರುತ್ತವೆ. ಅವು ಹುಕ್ಕಿನ ತಲೆಯಿಂದ ಹೊರಟು ಟ್ರೇಲರಿನ ಮೂಕಿಯ ಕೆಳಗೆ ಹಿಂದಕ್ಕೆ ಚಾಚಿಕೊಳ್ಳುತ್ತವೆ. ಸರಪಳಿಯಿಂದ ಅವುಗಳ ತುದಿಯನ್ನು ಮೇಲಕ್ಕೆ ಬಿಗಿದಾಗ ಕಂಬಿಗಳು ಬಾಗಿ, ಗಾಡಿಯೂ ಟ್ರೇಲರೂ ಸೇರುವ ಜಾಗದಲ್ಲಿ ತಿರುಚು ಬಲ ಹುಟ್ಟುತ್ತದೆ. ಆ ಬಲ ಪಿಕಪ್‌ನ ಹಿಂದಿನ ಅಚ್ಚಿನಿಂದ ಒಂದಿಷ್ಟು ತೂಕ ತೆಗೆದು, ಅದರಲ್ಲಿ ಕೊಂಚವನ್ನು ಮುಂದಿನ ಗಾಲಿಗೂ ಮಿಕ್ಕದ್ದನ್ನು ಟ್ರೇಲರಿನ ಗಾಲಿಗೂ ದಾಟಿಸುತ್ತದೆ. ಒಟ್ಟು ತೂಕದಲ್ಲಿ ಒಂದು ಕಿಲೋ ಕೂಡ ಕಡಿಮೆಯಾಗುವುದಿಲ್ಲ, ಜಾಗ ಬದಲಾಗುತ್ತದೆ ಅಷ್ಟೇ.

ಅಲ್ಲಿನವರು ಇದು ಬೇಕೋ ಬೇಡವೋ ಎಂದು ತೀರ್ಮಾನಿಸುವ ಕ್ರಮವನ್ನು ಗಮನಿಸಬೇಕು. ಮೊದಲು ಗಾಡಿಯ ಕೈಪಿಡಿ ನೋಡುತ್ತಾರೆ. ಅನೇಕ ಪಿಕಪ್ ತಯಾರಕರು ಟ್ರೇಲರ್ ಸುಮಾರು 2,270 ಕಿಲೋ, ಹುಕ್ಕಿನ ಭಾರ ಸುಮಾರು 227 ಕಿಲೋ ದಾಟಿದರೆ ಭಾರ ಹಂಚುವ ಹುಕ್ಕು ಕಡ್ಡಾಯ ಎನ್ನುತ್ತಾರೆ. ಕೆಲವು ಕಾರುಗಳಿಗೆ ಅದನ್ನು ಹಾಕಲೇಬಾರದು ಎಂದೂ ಬರೆದಿರುತ್ತದೆ. ಎರಡನೆಯದಾಗಿ, ಟ್ರೇಲರ್ ತೂಕದ ಶೇ 10ರಿಂದ 15ರಷ್ಟು ಹುಕ್ಕಿನ ಮೇಲೆ ಬೀಳುವಂತೆ ಸಾಮಾನು ಜೋಡಿಸುತ್ತಾರೆ. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಆಡಿಸತೊಡಗುತ್ತದೆ. ಮೂರನೆಯದಾಗಿ, ಟ್ರೇಲರ್ ಸಿಕ್ಕಿಸುವ ಮೊದಲೂ ಆಮೇಲೂ ಮುಂದಿನ ಮಡ್‌ಗಾರ್ಡ್ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಟೇಪಿನಿಂದ ಅಳೆಯುತ್ತಾರೆ. ಇಷ್ಟಾದ ಮೇಲೆ ಹುಕ್ಕಿನ ಮಾತು. ಅದರಲ್ಲೂ ಕಂಬಿಯನ್ನು ವಿಪರೀತ ಬಿಗಿದರೆ ಹಿಂದಿನ ಗಾಲಿ ಹಗುರಾಗಿ ತಿರುವಿನಲ್ಲಿ ಗಾಡಿಯ ಹಿಂಭಾಗವೇ ಜಾರುವ ಅಪಾಯವಿದೆ. ಆದ್ದರಿಂದಲೇ ಮುಂದಿನ ಗಾಲಿ ಕಳೆದುಕೊಂಡ ತೂಕವನ್ನೆಲ್ಲ ಮರಳಿಸಬೇಡಿ, ಒಂದು ಪಾಲನ್ನು ಮಾತ್ರ ಮರಳಿಸಿ ಎಂದು ಈಗ ಹಲವು ತಯಾರಕರು ಸೂಚಿಸುತ್ತಾರೆ.

ಯುರೋಪಿನಲ್ಲಿ ಕಥೆಯೇ ಬೇರೆ. ಅಲ್ಲಿ ಕಾರು ಸಣ್ಣದು, ಕ್ಯಾರವಾನ್ ಹಗುರ, ಹುಕ್ಕಿನ ಮೇಲೆ ಸಾಮಾನ್ಯವಾಗಿ ನೂರು ಕಿಲೋ ಆಸುಪಾಸಿನ ಮಿತಿ. ಭಾರ ಹಂಚುವ ಹುಕ್ಕಿಲ್ಲದೆಯೇ ಅಲ್ಲಿ ಕೆಲಸ ನಡೆಯುತ್ತದೆ, ಏಕೆಂದರೆ ಭಾರವನ್ನೇ ಮೊದಲು ಹದ್ದಿನಲ್ಲಿಟ್ಟಿದ್ದಾರೆ.

ಐವತ್ತು ಚೀಲದ ಲೆಕ್ಕ

ಈಗ ನಮ್ಮ ಟ್ರ್ಯಾಕ್ಟರಿಗೆ ಬರೋಣ. ಸಿಂಧನೂರು, ಕಾರಟಗಿ, ಗಂಗಾವತಿ ಕಡೆ ಭತ್ತದ ದರ ಮಾತಾಡುವುದು 75 ಕಿಲೋ ಚೀಲಕ್ಕೆ. ಐವತ್ತು ಚೀಲ ಹೇರಿದರೆ 3,750 ಕಿಲೋ. ಖಾಲಿ ಟ್ರೇಲರ್ 1,250 ಕಿಲೋ ಎಂದು ಹಿಡಿದರೆ ಒಟ್ಟು ಐದು ಟನ್. ಟ್ರೇಲರಿನ ಅಚ್ಚಿನಿಂದ ಹುಕ್ಕಿಗೆ 3.2 ಮೀಟರ್ ಇರಲಿ.

ಭಾರದ ನಡುಬಿಂದು ಅಚ್ಚಿಗಿಂತ 40 ಸೆಂಟಿಮೀಟರ್ ಮುಂದೆ ಇದ್ದರೆ ಹುಕ್ಕಿನ ಮೇಲೆ ಬೀಳುವುದು 625 ಕಿಲೋ. 15 ಸೆಂಟಿಮೀಟರ್ ಮುಂದಿದ್ದರೆ ಸುಮಾರು 235 ಕಿಲೋ. 10 ಸೆಂಟಿಮೀಟರ್ ಹಿಂದಕ್ಕೆ ಹೋದರೆ ಹುಕ್ಕನ್ನು ಸುಮಾರು 155 ಕಿಲೋ ಬಲದಿಂದ ಮೇಲಕ್ಕೆ ಎತ್ತುತ್ತದೆ. ಅರ್ಧ ಮೀಟರಿನೊಳಗೆ ಇಷ್ಟು ವ್ಯತ್ಯಾಸ. ಹಮಾಲರು ಮುಂದಿನ ಹಲಗೆಗೆ ಒತ್ತಿ ಇಟ್ಟ ಚೀಲಗಳಲ್ಲಿ ನಾಲ್ಕನ್ನು ತೆಗೆದು ಎರಡು ಮೀಟರ್ ಹಿಂದಕ್ಕೆ ಇಟ್ಟರೆ ಹುಕ್ಕಿನ ಭಾರ ಸುಮಾರು 190 ಕಿಲೋ ಇಳಿಯುತ್ತದೆ. ಐದು ನಿಮಿಷವೂ ಹಿಡಿಯದ ಕೆಲಸ.

ಎರಡು ಟನ್ ತೂಕದ, ಅಚ್ಚುಗಳ ನಡುವೆ ಎರಡು ಮೀಟರ್ ಅಂತರವಿರುವ ಟ್ರ್ಯಾಕ್ಟರ್ ತೆಗೆದುಕೊಳ್ಳಿ. ನಮ್ಮಲ್ಲಿ ಓಡುವ 45-50 ಅಶ್ವಶಕ್ತಿಯ ಗಾಡಿಗಳು ಹೆಚ್ಚುಕಡಿಮೆ ಇದೇ ಅಳತೆಯವು. ಅದರ ತೂಕದಲ್ಲಿ 800 ಕಿಲೋ ಮುಂದೆ, 1,200 ಕಿಲೋ ಹಿಂದೆ ಎಂದಿಟ್ಟುಕೊಳ್ಳೋಣ. ಹುಕ್ಕು ಹಿಂದಿನ ಅಚ್ಚಿನಿಂದ 70 ಸೆಂಟಿಮೀಟರ್ ಹಿಂದಿದೆ. 625 ಕಿಲೋ ಬಿದ್ದರೆ ಮುಂದಿನ ಗಾಲಿಗಳ ಮೇಲೆ ಉಳಿಯುವುದು ಸುಮಾರು 580 ಕಿಲೋ. ಸ್ಟೇರಿಂಗ್ ಹಿಡಿತದಲ್ಲಿರಬೇಕಾದರೆ ಟ್ರ್ಯಾಕ್ಟರಿನ ಖಾಲಿ ತೂಕದ ಶೇ 20ರಷ್ಟಾದರೂ ಮುಂದಿನ ಅಚ್ಚಿನ ಮೇಲೆ ಇರಲೇಬೇಕು ಎಂಬುದು ತಯಾರಕರ ಕೈಪಿಡಿಗಳಲ್ಲಿ ಕಾಣುವ ನಿಯಮ. ನಮ್ಮ ಉದಾಹರಣೆಯಲ್ಲಿ ಅದು 400 ಕಿಲೋ. ನಿಂತ ಗಾಡಿ ಪಾಸಾಯಿತು.

ಗಾಡಿ ನಿಂತೇ ಇರುವುದಿಲ್ಲವಲ್ಲ. ಕೆಸರಿನಿಂದ ಎಳೆಯುವಾಗ ಹುಕ್ಕಿನಲ್ಲಿ 650 ಕಿಲೋ ಎಳೆತ ಬೇಕಾಯಿತು, ಹುಕ್ಕು ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ ಎಂದರೆ ಮುಂದಿನಿಂದ ಇನ್ನೂ 160 ಕಿಲೋ ಕಳೆಯುತ್ತದೆ. ಉಳಿದದ್ದು 420. ಅದೇ ಹೊತ್ತಿಗೆ ಹತ್ತು ಮೀಟರಿಗೆ ಒಂದು ಮೀಟರ್ ಏರುವ ಏರಿ ಎದುರಾದರೆ ಮುಂದಿನ ಭಾರ 300 ಕಿಲೋಗೂ ಕೆಳಗಿಳಿಯುತ್ತದೆ. ಮೇಲಾಗಿ ಡ್ರೈವರ್ ಎಕ್ಸಲೇಟರ್ ಒತ್ತಿ ಕ್ಲಚ್ ಥಟ್ಟನೆ ಬಿಟ್ಟರೆ ಉಳಿದಿದ್ದೂ ಹೋಗಿ ಮೂತಿ ಮೇಲೇಳುತ್ತದೆ. ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವುದು ಹೀಗೆ. ಮೂತಿ ಎದ್ದ ಮೇಲೆ ಮುಕ್ಕಾಲು ಸೆಕೆಂಡಿನೊಳಗೆ ಅದು ಹಿಂತಿರುಗಲಾಗದ ಹಂತ ಮುಟ್ಟಬಲ್ಲದು ಎಂದು ಕೃಷಿ ಸುರಕ್ಷತಾ ಪಾಠಗಳು ಎಚ್ಚರಿಸುತ್ತವೆ. ಮನುಷ್ಯ ಬೆಚ್ಚಿ ಕಾಲು ಕ್ಲಚ್‌ಗೆ ಹೋಗುವಷ್ಟರಲ್ಲಿ ಆ ಸಮಯ ಮುಗಿದಿರುತ್ತದೆ.

ಇಲ್ಲಿ ಹುಕ್ಕಿನ ಎತ್ತರವೂ ಪಾತ್ರಧಾರಿ. ಎಳೆತ ಎಷ್ಟು ಎತ್ತರದಲ್ಲಿ ನಡೆಯುತ್ತದೋ ಮುಂದಿನ ಗಾಲಿಯಿಂದ ಅಷ್ಟು ಹೆಚ್ಚು ಭಾರ ಕಳೆಯುತ್ತದೆ. ಹೂತುಹೋದ ಗಾಡಿ ಎಳೆಯಲು ಸರಪಳಿಯನ್ನು ಮೇಲಿನ ಲಿಂಕಿಗೋ ಅಚ್ಚಿಗೋ ಕಟ್ಟಬಾರದು, ಕೆಳಗಿನ ಡ್ರಾಬಾರಿಗೇ ಕಟ್ಟಬೇಕು ಎನ್ನುವುದು ಇದೇ ಕಾರಣಕ್ಕೆ.

ಸ್ಪ್ರಿಂಗ್ ಕಂಬಿ ಇಲ್ಲಿ ಏಕೆ ಹೊಂದದು

ಹಾಗಾದರೆ ಅಮೆರಿಕದ ಹುಕ್ಕನ್ನೇ ಹಾಕಿಸಿಬಿಡೋಣವೇ? ಬೇಡ. ಕಾರಣ ಮೂರು.

ಆ ಹುಕ್ಕು ಹುಟ್ಟಿದ್ದು ಡಾಂಬರು ರಸ್ತೆಗಾಗಿ. ಅಲ್ಲಿ ಗಾಡಿಯೂ ಟ್ರೇಲರೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸಾಗುತ್ತವೆ. ನಮ್ಮ ಟ್ರ್ಯಾಕ್ಟರ್ ಬದು ಹತ್ತಿ ಇಳಿಯುವಾಗ ಮೂತಿ ಮೇಲೆ, ಟ್ರೇಲರ್ ಕೆಳಗೆ. ಮರುಗಳಿಗೆ ಮೂತಿ ಕೆಳಗೆ, ಟ್ರೇಲರ್ ಮೇಲೆ. ಹುಕ್ಕೂ ಬಳೆಯೂ ಸಡಿಲವಾಗಿ ಕುಣಿಯಲು ಜಾಗವಿರುವುದರಿಂದಲೇ ಈ ಓಲಾಟ ಸಾಗುತ್ತದೆ. ನಡುವೆ ಗಟ್ಟಿ ಕಂಬಿ ಬಿಗಿದರೆ ಪ್ರತಿ ಬದುವಿನಲ್ಲೂ ಅದು ಹುಕ್ಕನ್ನೋ ಟ್ರೇಲರಿನ ಮೂಕಿಯನ್ನೋ ತಿರುಚುತ್ತದೆ.

ಎರಡನೆಯದು, ಕೆಸರಿನಲ್ಲಿ ನಮಗೆ ದೊಡ್ಡ ಗಾಲಿಯ ಮೇಲೆ ಭಾರ ಬೇಕು. ಆ ಕಂಬಿ ಮಾಡುವುದು ಅಲ್ಲಿಂದ ಭಾರ ತೆಗೆಯುವ ಕೆಲಸ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕಾರಿಗೆ, ಪಿಕಪ್‌ಗೆ ಹಿಂದೆ ಸ್ಪ್ರಿಂಗು ಇರುತ್ತದೆ. ಭಾರ ಹೆಚ್ಚಾದರೆ ಕುಸಿದು ಕಣ್ಣಿಗೆ ಕಾಣುತ್ತದೆ, ಟೇಪು ಹಿಡಿದು ಅಳೆಯಬಹುದು. ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೆ ಸ್ಪ್ರಿಂಗೇ ಇಲ್ಲ. ಟೈರು ಕೊಂಚ ಚಪ್ಪಟೆಯಾಗುವುದು ಬಿಟ್ಟರೆ 200 ಕಿಲೋ ಬಿದ್ದಾಗಲೂ 600 ಕಿಲೋ ಬಿದ್ದಾಗಲೂ ಗಾಡಿ ಒಂದೇ ತೆರ ಕಾಣುತ್ತದೆ. ಸ್ಟೇರಿಂಗ್ ಹಗುರಾಗುವುದೊಂದೇ ಸೂಚನೆ. ಪವರ್ ಸ್ಟೇರಿಂಗ್ ಬಂದ ಮೇಲೆ ಆ ಸೂಚನೆಯೂ ಮಸುಕಾಗಿದೆ, ಭಾರವಿದ್ದರೂ ಇಲ್ಲದಿದ್ದರೂ ಒಂದೇ ಬೆರಳಲ್ಲಿ ತಿರುಗುತ್ತದೆ. ಕಣ್ಣಿಗೂ ಕೈಗೂ ಸಿಗದ ತೂಕವನ್ನು ತೂಗಿಯೇ ತಿಳಿಯಬೇಕು.

ಮೂರು ಊರು, ಮೂರು ಬಗೆಯ ಭಾರ

ಜೇವರ್ಗಿಯಿಂದ ಚಾಮರಾಜನಗರದ ಕಡೆ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದೇ ಸಾಲಿನಲ್ಲಿ ಪೋಣಿಸಿದೆ. ಮೊದಲ ಊರಿನಿಂದ ಕೊನೆಯ ಊರಿಗೆ ಸುಮಾರು 55 ಕಿಲೋಮೀಟರ್. ಅಷ್ಟರೊಳಗೆ ಬೆಳೆ ಬದಲಾಗುತ್ತದೆ, ಟ್ರೇಲರಿನ ಸ್ವಭಾವವೂ ಬದಲಾಗುತ್ತದೆ.

ಸಿಂಧನೂರಿನ ಭತ್ತ ತೂಕದ ಸರಕು. ಒಂದು ಘನ ಮೀಟರಿಗೆ ಸುಮಾರು 550ರಿಂದ 600 ಕಿಲೋ ತೂಗುತ್ತದೆ, ಹಸಿ ಇದ್ದರೆ ಇನ್ನೂ ಹೆಚ್ಚು. ಹಲಗೆಗೆ ಮೇಲ್ಹಲಗೆ ಸೇರಿಸಿ ತುಂಬಿದರೆ ಟ್ರೇಲರ್ ತುಂಬುವ ಮೊದಲೇ ತೂಕ ಮಿತಿ ದಾಟಿರುತ್ತದೆ. ಇಲ್ಲಿಯ ಕಾಯಿಲೆ ಮುಂಭಾರ: ಪೈಪಿನ ಕೆಳಗಿನ ಗುಡ್ಡೆ, ಮುಂದಿನ ಹಲಗೆಗೆ ಒತ್ತಿದ ಚೀಲ.

ಮಸ್ಕಿ ಕಡೆ ಹೋದಂತೆ ಹತ್ತಿ ಅಂಡಿಗೆ, ಭತ್ತದ ಹುಲ್ಲು, ತೊಗರಿ ಕಟ್ಟಿಗೆ ಕಾಣಸಿಗುತ್ತವೆ. ತೂಕ ಕಡಿಮೆ, ಗಾತ್ರ ದೊಡ್ಡದು. ಹುಲ್ಲನ್ನು ಹಿಂದಿನ ಹಲಗೆ ತೆರೆದು ಹೊರಕ್ಕೆ ಚಾಚಿ, ಆಳೆತ್ತರಕ್ಕೂ ಮೀರಿ ಹೇರುತ್ತಾರೆ. ಭಾರದ ನಡುಬಿಂದು ಅಚ್ಚಿನ ಹಿಂದಕ್ಕೆ ಸರಿದು ಹುಕ್ಕು ಹಗುರಾಗುತ್ತದೆ. ಇದು ಹಿಂಭಾರದ ಕಾಯಿಲೆ. ರಸ್ತೆಯ ಗುಂಡಿಯಲ್ಲಿ ಬಳೆ ಹುಕ್ಕಿನೊಳಗೆ ಮೇಲೆ ಕೆಳಗೆ ಬಡಿಯುವ ಟಣ್ ಟಣ್ ಸದ್ದು ಕೇಳಿದರೆ ಕಾಯಿಲೆ ಅದೇ ಎಂದು ತಿಳಿಯಬೇಕು. ಪಿನ್ನಿಗೆ ಲಾಕ್ ಇಲ್ಲದೆ ಬರೀ ತಂತಿ ಸುತ್ತಿದ್ದರೆ ಅದು ಹಾರಿಹೋಗುವುದೂ ಇಂಥ ಹೊತ್ತಿನಲ್ಲೇ. ವೇಗ ಹೆಚ್ಚಾದರೆ ಟ್ರೇಲರ್ ಎಡಕ್ಕೂ ಬಲಕ್ಕೂ ತೂಗಾಡುತ್ತದೆ. ಭಾರ ಹಂಚುವ ಯಾವ ಹುಕ್ಕೂ ಇದನ್ನು ವಾಸಿಮಾಡದು. ಹುಲ್ಲನ್ನು ಮುಂದಕ್ಕೆ ಸರಿಸುವುದೇ ಮದ್ದು.

ಲಿಂಗಸುಗೂರು ತಾಲ್ಲೂಕಿನಲ್ಲಿ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಮುಟ್ಟದ ಕಡೆ ಬೇಸಿಗೆಯಲ್ಲಿ ಟ್ರ್ಯಾಕ್ಟರಿನ ಹಿಂದೆ ಓಡುವುದು ನೀರಿನ ಟ್ಯಾಂಕರ್. ನೀರು ಕೂತಲ್ಲಿ ಕೂರುವ ಸರಕಲ್ಲ. ಐದು ಸಾವಿರ ಲೀಟರ್ ಟ್ಯಾಂಕರ್ ಪೂರ್ತಿ ತುಂಬಿದ್ದರೆ ಐದು ಟನ್ ನೀರು, ಆದರೆ ಅಲುಗಾಡಲು ಜಾಗವಿಲ್ಲ. ಅರ್ಧ ಖಾಲಿಯಾದಾಗ ಎರಡೂವರೆ ಟನ್ ನೀರು ಒಳಗೆ ಓಡಾಡತೊಡಗುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಅದರ ನಡುಬಿಂದು 30 ಸೆಂಟಿಮೀಟರ್ ಮುಂದೆ ಸರಿದರೆ ಹುಕ್ಕಿನ ಮೇಲೆ ಒಂದೇ ಏಟಿಗೆ ಸುಮಾರು 230 ಕಿಲೋ ಹೆಚ್ಚಾಗುತ್ತದೆ. ದಿಬ್ಬ ಹತ್ತುವಾಗ ನೀರು ಹಿಂದೆ ಸರಿದು ಹುಕ್ಕು ಹಗುರಾಗುತ್ತದೆ. ಟ್ಯಾಂಕಿನೊಳಗೆ ರಂಧ್ರವಿರುವ ಅಡ್ಡತಗಡುಗಳನ್ನು ಬೆಸೆದಿರುವುದು ಈ ಓಟಕ್ಕೆ ತಡೆ ಹಾಕಲೆಂದೇ. ಟ್ಯಾಂಕರ್ ಕೊಳ್ಳುವವರು ಬಣ್ಣ ನೋಡುವ ಮೊದಲು ಮುಚ್ಚಳ ತೆಗೆದು ಒಳಗೆ ಆ ತಗಡು ಇದೆಯೇ ಎಂದು ಇಣುಕಬೇಕು.

ಮೂರೂ ಊರಿಗೆ ಸಮಾನವಾದ ಇನ್ನೊಂದು ಅಪಾಯ ಇಳಿಜಾರು. ನಮ್ಮ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಗಾಲಿಗಳಿಗೆ, ಹೆಚ್ಚಿನ ಟ್ರೇಲರುಗಳಿಗೆ ಸ್ವಂತ ಬ್ರೇಕ್ ಇಲ್ಲ. ಎರಡು ಟನ್ ಟ್ರ್ಯಾಕ್ಟರ್ ಐದು ಟನ್ ಟ್ರೇಲರನ್ನು ತಡೆಯಬೇಕು. ಹೊಲದಲ್ಲಿ ತಿರುಗಿಸಲು ಬೇರೆ ಬೇರೆಯಾಗಿ ಬಿಟ್ಟ ಎಡಬಲದ ಬ್ರೇಕ್ ಪೆಡಲುಗಳನ್ನು ರಸ್ತೆಗೆ ಬರುವ ಮೊದಲು ಕೊಂಡಿ ಹಾಕಿ ಜೋಡಿಸದಿದ್ದರೆ ಒಂದೇ ಗಾಲಿ ಬ್ರೇಕ್ ಹಿಡಿದು, ಹಿಂದಿನ ಭಾರ ಟ್ರ್ಯಾಕ್ಟರನ್ನು ಅಡ್ಡಡ್ಡ ತಳ್ಳುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರಿಗೆ ಎಂಜಿನ್ನಿನ ಹಿಡಿತವೂ ಇಲ್ಲವಾಗುತ್ತದೆ.

ಕಾಟಾದ ಮೇಲೆ ಮೂರು ನಿಲುಗಡೆ

ರೈಸ್‌ಮಿಲ್ಲಿಗೆ, ಮಾರುಕಟ್ಟೆಗೆ ಹೋಗುವ ಟ್ರ್ಯಾಕ್ಟರ್ ಕಾಟಾ ಹತ್ತದೆ ಇರುವುದಿಲ್ಲ. ತುಂಬಿದ ತೂಕ, ಖಾಲಿ ತೂಕ, ಕಳೆದರೆ ಮಾಲು. ಚೀಟಿ ಕೈಗೆ ಬಂದರೆ ಕೆಲಸ ಮುಗಿಯಿತು. ಅದೇ ಕಾಟಾದಿಂದ ಇನ್ನೂ ಎರಡು ಅಂಕಿ ತೆಗೆಯಲು ಹೊಸ ಯಂತ್ರವೇನೂ ಬೇಡ.

ತುಂಬಿದ ಗಾಡಿ ಕಾಟಾ ಹತ್ತುವಾಗ ಮೊದಲು ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಮಾತ್ರ ಹಲಗೆಯ ಮೇಲೆ ಬಂದಾಗ ನಿಲ್ಲಿಸಿ. ಗೇರ್ ನ್ಯೂಟ್ರಲ್, ಬ್ರೇಕ್ ಬಿಟ್ಟಿರಲಿ. ಅಂಕಿ ಬರೆದುಕೊಳ್ಳಿ. ಇದು ಸ್ಟೇರಿಂಗಿಗೆ ಉಳಿದಿರುವ ಭಾರ. ಮುಂದೆ ಸಾಗಿ, ಟ್ರ್ಯಾಕ್ಟರಿನ ನಾಲ್ಕೂ ಗಾಲಿ ಮೇಲೆ ಬಂದು ಟ್ರೇಲರಿನ ಗಾಲಿ ಇನ್ನೂ ಕೆಳಗಿರುವಾಗ ಎರಡನೇ ಸಲ ನಿಲ್ಲಿಸಿ. ಮೂರನೆಯದು ಎಂದಿನಂತೆ ಪೂರ್ತಿ ತೂಕ. ಇನ್ನೊಂದು ದಿನ ಟ್ರೇಲರ್ ಬಿಚ್ಚಿ ಬರೀ ಟ್ರ್ಯಾಕ್ಟರನ್ನು ತೂಗಿ, ಮುಂದಿನ ಗಾಲಿ ಬೇರೆ, ಒಟ್ಟು ಬೇರೆ ಎಂದು ಬರೆದಿಟ್ಟುಕೊಂಡರೆ ಅದು ಶಾಶ್ವತ ದಾಖಲೆ.

ನಮ್ಮ ಉದಾಹರಣೆಯಲ್ಲಿ ಮೊದಲ ನಿಲುಗಡೆಗೆ 580, ಎರಡನೆಯದಕ್ಕೆ 2,625, ಮೂರನೆಯದಕ್ಕೆ 7,000 ಬರುತ್ತದೆ. ಬರೀ ಟ್ರ್ಯಾಕ್ಟರ್ 2,000 ಕಿಲೋ. ಎರಡನೆಯದರಲ್ಲಿ ಅದನ್ನು ಕಳೆದರೆ 625, ಅಂದರೆ ಹುಕ್ಕಿನ ಭಾರ. ಮುಂದಿನ ಗಾಲಿಯ 580ನ್ನು 400ರ ಗೆರೆಗೆ ಹೋಲಿಸಿದರೆ ಎಷ್ಟು ಅಂತರವಿದೆ ಎಂದು ಗೊತ್ತಾಗುತ್ತದೆ. ನಿಂತಾಗಿನ ಅಂತರ 180 ಕಿಲೋ ಮಾತ್ರ ಇದ್ದರೆ ಕೆಸರು, ಏರಿ ಎರಡೂ ಸೇರಿದಾಗ ಸಾಲದು ಎಂಬುದನ್ನು ಮೇಲೆಯೇ ನೋಡಿದೆವು. ಕಾಟಾದ ಮುಂದಿನ ನೆಲ ಹಲಗೆಯ ಮಟ್ಟಕ್ಕೇ ಇರಬೇಕು, ಇಳಿಜಾರಿದ್ದರೆ ಅಂಕಿ ತಪ್ಪುತ್ತದೆ ಎಂಬುದಷ್ಟು ನೆನಪಿರಲಿ.

ಗಾಡಿ ಕೊಳ್ಳುವ ಮೊದಲೇ ಈ ಅಂಕಿ ಬೇಕೆನ್ನುವವರಿಗೆ ದಾರಿ ಇದೆ. 1955ರಲ್ಲಿ ಟ್ರ್ಯಾಕ್ಟರ್ ತರಬೇತಿ ಕೇಂದ್ರವಾಗಿ ಶುರುವಾದ ಮಧ್ಯಪ್ರದೇಶದ ಬುಧ್ನಿಯ ಕೇಂದ್ರ ಸರ್ಕಾರದ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆಯ ವರದಿಗಳಲ್ಲಿ ಪ್ರತಿ ಮಾದರಿಯ ಮುಂದಿನ, ಹಿಂದಿನ ಅಚ್ಚಿನ ತೂಕ ನಮೂದಾಗಿರುತ್ತದೆ. ಅಶ್ವಶಕ್ತಿ ಎಷ್ಟು, ಆವರೇಜ್ ಎಷ್ಟು ಎಂದು ಕೇಳುವ ರೈತ ಮುಂದೆ ಎಷ್ಟು ಕಿಲೋ ಎಂದೂ ಷೋರೂಮಿನಲ್ಲಿ ಕೇಳಬೇಕು.

ಯಾವುದು ಮೊದಲು, ಯಾವುದು ಆಮೇಲೆ

ಅಂಕಿ ಕೈಗೆ ಬಂದ ಮೇಲೆ ಪರಿಹಾರಕ್ಕೆ ಒಂದು ಕ್ರಮವಿದೆ. ಖರ್ಚಿಲ್ಲದ್ದು ಮೊದಲು.

ಹೇರುವ ಜಾಗ ಬದಲಿಸುವುದು ಮೊದಲನೆಯದು. ಪೈಪಿನ ಕೆಳಗೆ ಟ್ರೇಲರನ್ನು ಹಿಂದೆ ಮುಂದೆ ಸರಿಸುತ್ತ ತುಂಬಿ, ಸಲಿಕೆಯಿಂದ ಮಟ್ಟಮಾಡಿ. ಚೀಲವಾದರೆ ಅಚ್ಚಿನ ಮೇಲಿನಿಂದ ಸಾಲು ಶುರುಮಾಡಿ ಎರಡೂ ಕಡೆಗೆ ಬೆಳೆಸಲು ಹಮಾಲರಿಗೆ ಹೇಳಿ. ಅಚ್ಚು ಎಲ್ಲಿದೆ ಎಂದು ಹಲಗೆಯ ಮೇಲೆ ಬಣ್ಣದಲ್ಲಿ ಒಂದು ಗೆರೆ ಎಳೆದಿಟ್ಟರೆ ಕತ್ತಲಲ್ಲಿ ಹೇರುವವರಿಗೂ ತಿಳಿಯುತ್ತದೆ. ಹುಕ್ಕಿನ ಭಾರ ಟ್ರ್ಯಾಕ್ಟರ್ ಕೈಪಿಡಿಯ ಮಿತಿಯೊಳಗಿರಲಿ, ಏರು ಹತ್ತುವಾಗಲೂ ಸೊನ್ನೆಗಿಂತ ಕೆಳಗೆ ಇಳಿಯದಿರಲಿ.

ಎರಡನೆಯದು ಹೊರೆ ಇಳಿಸುವುದು. ಕಾನೂನೂ ಇದನ್ನೇ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಮಿತಿ ಮೀರಿ ಹೇರಿದರೆ 20,000 ರೂಪಾಯಿ ದಂಡ, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ. ಯಾವ ಹುಕ್ಕು ಹಾಕಿದರೂ, ಮುಂದೆ ಎಷ್ಟೇ ಕಬ್ಬಿಣ ತೂಗುಹಾಕಿದರೂ ಆ ಮಿತಿ ಹಿಗ್ಗುವುದಿಲ್ಲ.

ಮೂರನೆಯದು ಮುಂದಿನ ತೂಕದ ಕಲ್ಲು, ಅಂದರೆ ಬಂಪರಿಗೆ ಸಿಕ್ಕಿಸುವ ಎರಕದ ತುಂಡುಗಳು. ಮುಂದಿನ ಅಚ್ಚಿಗಿಂತ 60 ಸೆಂಟಿಮೀಟರ್ ಮುಂದೆ ನೂರು ಕಿಲೋ ಹಾಕಿದರೆ ಮುಂದಿನ ಗಾಲಿಗೆ ಸಿಗುವುದು 130 ಕಿಲೋ, ಏಕೆಂದರೆ ಹಿಂದಿನ ಗಾಲಿಯಿಂದಲೂ 30 ಕಿಲೋ ಮುಂದಕ್ಕೆ ಬರುತ್ತದೆ. ಟ್ರ್ಯಾಕ್ಟರಿನ ಮಟ್ಟಿಗೆ ಭಾರ ಹಂಚುವ ಸಾಧನ ಇದೇ. ಬಾನೆಟ್ ಮುಂದೆ ಇಬ್ಬರನ್ನು ನಿಲ್ಲಿಸಿ ಮಾಡುತ್ತಿದ್ದ ಕೆಲಸವನ್ನು ಯಾರ ಜೀವಕ್ಕೂ ಕುತ್ತಿಲ್ಲದೆ ಇದು ಮಾಡುತ್ತದೆ. ಕಂಪನಿ ಹೇಳಿದ ಮಿತಿಯೊಳಗೆ ಮಾತ್ರ ಹಾಕಬೇಕು, ಮುಂದಿನ ಅಚ್ಚಿಗೂ ಟೈರಿಗೂ ತಡೆಯುವ ಶಕ್ತಿ ಇಷ್ಟೇ ಎಂದಿರುತ್ತದೆ.

ನಾಲ್ಕನೆಯದು ಟ್ರೇಲರನ್ನೇ ಬದಲಿಸುವುದು. ಹೊಲಕ್ಕೆ ಇಳಿಯದೆ ಹೆದ್ದಾರಿಯಲ್ಲೇ ದೂರ ಸಾಗಿಸುವವರಿಗೆ ನಾಲ್ಕು ಗಾಲಿಯ ಟ್ರೇಲರ್ ಒಳ್ಳೆಯದು. ಅದರ ಭಾರ ಮುಂದಿನ ಗಾಲಿಯನ್ನು ಎತ್ತುವುದಿಲ್ಲ. ಕೆಸರಿನಲ್ಲಿ ಮಾತ್ರ ಅದು ಟ್ರ್ಯಾಕ್ಟರಿಗೆ ಹಿಡಿತ ಕೊಡದು, ಹಿಂದಕ್ಕೆ ತೆಗೆದುಕೊಳ್ಳುವುದೂ ಕಷ್ಟ.

ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಇದೇ ಹೆದ್ದಾರಿಯಲ್ಲಿ ಹೊರಡುವ ದಿನ ಯಾರಿಗಾದರೂ ಬಂದರೆ, ಸ್ಪ್ರಿಂಗ್ ಕಂಬಿಯ ಹುಕ್ಕಿನ ಮಾತು ಆಗ ಎತ್ತಬಹುದು. ಕಾರಿನ ಕೈಪಿಡಿ ಒಪ್ಪಬೇಕು, ಸಾಮಾನನ್ನು ಸರಿಯಾಗಿ ಜೋಡಿಸಿದ ಮೇಲೂ ಮುಂದಿನ ಅಚ್ಚಿನ ಭಾರ ತೀರ ಇಳಿದಿರಬೇಕು. ಎರಡೂ ನಿಜವಾದರೆ ಮಾತ್ರ ಅದಕ್ಕೆ ದುಡ್ಡು ಹಾಕುವುದು ಸಾರ್ಥಕ.

ಉಳಿದಿರುವುದು ಕಾಟಾ ನಡೆಸುವವರ ಪಾಲು. ಸುಗ್ಗಿಯಲ್ಲಿ ಸಾಲು ಉದ್ದ, ಮೂರು ಸಲ ನಿಲ್ಲಿಸಿದರೆ ಹಿಂದಿನವರು ಹಾರ್ನ್ ಒತ್ತುತ್ತಾರೆ ಎಂಬುದು ನಿಜ. ಪ್ರತಿ ಲೋಡಿಗೂ ಇದು ಬೇಕಿಲ್ಲ. ಸುಗ್ಗಿ ಶುರುವಾಗುವ ವಾರದಲ್ಲಿ ಪ್ರತಿ ಗಾಡಿಗೆ ಒಂದು ಸಲ, ಟ್ರೇಲರ್ ಬದಲಿಸಿದಾಗ ಇನ್ನೊಂದು ಸಲ ಸಾಕು. ಕೃಷಿ ಮಾರುಕಟ್ಟೆಯ ಸಮಿತಿಗಳೂ ಮಿಲ್ಲಿನವರೂ ಮನಸ್ಸು ಮಾಡಿ ಆ ಚೀಟಿಯಲ್ಲಿ ಮುಂದಿನ ಗಾಲಿ, ಹುಕ್ಕು ಎಂದು ಎರಡು ಖಾನೆ ಹೆಚ್ಚಿಗೆ ಅಚ್ಚು ಹಾಕಿಸಬಹುದು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಕೃಷಿ ಎಂಜಿನಿಯರಿಂಗ್ ಕಾಲೇಜೇ ಇದೆ. ಅಲ್ಲಿನ ವಿದ್ಯಾರ್ಥಿಗಳು ಸುಗ್ಗಿಯಲ್ಲಿ ಒಂದು ವಾರ ಕಾಟಾದ ಪಕ್ಕ ನಿಂತರೆ, ಯಾವ ಮಾದರಿಯ ಟ್ರ್ಯಾಕ್ಟರಿಗೆ ಯಾವ ಟ್ರೇಲರ್ ಹೊಂದುತ್ತದೆ, ಎಷ್ಟು ಚೀಲಕ್ಕೆ ಮುಂದಿನ ಗಾಲಿ ಹಗುರಾಗುತ್ತದೆ ಎಂಬ ಪಟ್ಟಿ ಈ ಮೂರು ತಾಲ್ಲೂಕಿನ ಡ್ರೈವರುಗಳ ಕೈಗೆ ಸಿಗುತ್ತದೆ. ಒಂದೊಂದು ಕಿಲೋ ಭತ್ತಕ್ಕೂ ಕಾಟಾದ ಮುಂದೆ ಜಗಳವಾಡುವ ನಾವು, ಸ್ಟೇರಿಂಗಿನ ಕೆಳಗೆ ಎಷ್ಟು ಕಿಲೋ ಉಳಿದಿದೆ ಎಂದು ಕೇಳುವುದನ್ನೂ ಆ ಜಗಳಕ್ಕೆ ಸೇರಿಸಬೇಕು.